ವಿದೇಶಕ್ಕೆ ಲ್ಯಾಪ್‌ಟಾಪ್ ಒಯ್ಯಿರಿ, ಅಂಗಡಿಯ ಲೆಕ್ಕವನ್ನಲ್ಲ

ವಿದೇಶಯಾನವೆಂಬುದು ದೊಡ್ಡ ರಫ್ತುದಾರರಿಗಷ್ಟೇ ಮೀಸಲಾಗಿದ್ದ ಕಾಲ ಕಳೆದುಹೋಗಿದೆ. ಪಿರಿಯಾಪಟ್ಟಣ, ಹುಣಸೂರು ಭಾಗದ ತಂಬಾಕು ವ್ಯವಹಾರದವರಿಗೆ ಜರ್ಮನಿಯ ಡಾರ್ಟ್‌ಮಂಡ್‌ನಲ್ಲಿ ಪ್ರತಿ ಸೆಪ್ಟೆಂಬರಿನಲ್ಲಿ ನಡೆಯುವ ಇಂಟರ್‌ಟಬಾಕ್ ಮೇಳ ಅಪರಿಚಿತವಲ್ಲ. ಕೃಷ್ಣರಾಜನಗರದ ಅಕ್ಕಿ ಗಿರಣಿಯವರಿಗೆ ದುಬೈನ ಗಲ್ಫುಡ್, ಸಣ್ಣ ಕೈಗಾರಿಕೆಯವರಿಗೆ 1957ರಿಂದ ನಡೆದುಬಂದಿರುವ ಚೀನಾದ ಕ್ಯಾಂಟನ್ ಮೇಳ, ಇವೂ ಈಗ ಕೈಗೆಟುಕದ ಮಾತಲ್ಲ. ಹೀಗೆ ಹೊರಡುವ ನಮ್ಮ ವರ್ತಕ ಬಂಧುಗಳ ಹೆಗಲಲ್ಲಿ ಪಾಸ್‌ಪೋರ್ಟಿನಷ್ಟೇ ಸಹಜವಾಗಿ ಒಂದು ಲ್ಯಾಪ್‌ಟಾಪ್ ಚೀಲವೂ ಇರುತ್ತದೆ. ಆ ಚೀಲದಲ್ಲಿ ಏನಿರಬೇಕು, ಏನಿರಬಾರದು ಎಂಬ ಬಗ್ಗೆ ಮಾತ್ರ ನಾವು ಇನ್ನೂ ಗಂಭೀರವಾಗಿ ಆಲೋಚಿಸಿಲ್ಲವೆಂಬುದು ನನ್ನ ಅಭಿಪ್ರಾಯ.

ಈ ಅಭಿಪ್ರಾಯಕ್ಕೆ ಕಾರಣವಾದ ಪ್ರಸಂಗವೊಂದನ್ನು ಹೇಳಬೇಕು. ನನಗೆ ಬಹುಕಾಲದ ಪರಿಚಯವಿರುವ, ಕೃಷ್ಣರಾಜನಗರ ತಾಲ್ಲೂಕಿನ ಗಿರಣಿ ಮಾಲೀಕರೊಬ್ಬರು ಕೆಲವು ವರ್ಷಗಳ ಹಿಂದೆ ಸಾರ್ಟೆಕ್ಸ್ ಯಂತ್ರ ನೋಡಿಬರಲು ಚೀನಾದ ಹೆಫೈ ನಗರಕ್ಕೆ ಹೋಗಿದ್ದರು. ಅಕ್ಕಿಯ ಬಣ್ಣ ನೋಡಿ ಬೇರ್ಪಡಿಸುವ ಈ ಯಂತ್ರಗಳ ತಯಾರಿಕೆಗೆ ಆ ಊರು ಹೆಸರುವಾಸಿ. ಗಿರಣಿಯಲ್ಲಿ ಇದ್ದುದು ಒಂದೇ ಲ್ಯಾಪ್‌ಟಾಪ್. ಟ್ಯಾಲಿ ಲೆಕ್ಕ, ಗಿರಾಕಿಗಳ ದರಪಟ್ಟಿ, ಬ್ಯಾಂಕಿಗೆ ಕೊಟ್ಟ ದಾಸ್ತಾನು ವಿವರ, ಭತ್ತ ಹಾಕಿದ ರೈತರ ಖಾತೆ, ಎಲ್ಲವೂ ಅದರಲ್ಲೇ. ಅದನ್ನೇ ಹೊತ್ತುಕೊಂಡು ಹೋದರು. ಮೂರನೆಯ ದಿನ ಸಂಜೆ ಕಾರ್ಖಾನೆಯಿಂದ ಹೋಟೆಲಿಗೆ ಬರುವಾಗ ಚೀಲ ಟ್ಯಾಕ್ಸಿಯಲ್ಲೇ ಉಳಿಯಿತು. ಭಾಷೆ ಬಾರದು, ಗಾಡಿಯ ಸಂಖ್ಯೆ ಗೊತ್ತಿಲ್ಲ. ಅದು ಮರಳಿ ಸಿಗಲಿಲ್ಲ.

ಯಂತ್ರದ ಬೆಲೆ ನಲವತ್ತೋ ಐವತ್ತೋ ಸಾವಿರವಿದ್ದೀತು, ಅದು ದೊಡ್ಡ ಮಾತಲ್ಲ. ಆದರೆ ಅದು ಭತ್ತದ ಖರೀದಿ ಮುಗಿದು ರೈತರ ಬಾಕಿ ಚುಕ್ತಾ ಆಗಬೇಕಾಗಿದ್ದ ಸಮಯ. ಇಲ್ಲಿ ಗಿರಣಿಯ ಮುಂದೆ ರೈತರು ಬಂದು ನಿಂತಾಗ ತೂಕದ ಚೀಟಿಗಳಿದ್ದವು, ಮುಂಗಡ ಕೊಟ್ಟ ಲೆಕ್ಕವಿರಲಿಲ್ಲ. ಹಳೆಯ ಗುಮಾಸ್ತರೊಬ್ಬರು ಮಾಲೀಕರು ಬೇಡವೆಂದರೂ ಬಿಡದೆ ಕಿರ್ದಿ ಬರೆದಿಟ್ಟಿದ್ದರಿಂದ ಬಹುಪಾಲು ಖಾತೆಗಳು ಹೊಂದಿಕೆಯಾದವು. ಹೊಂದದೆ ಉಳಿದ ನಾಲ್ಕಾರು ಖಾತೆಗಳಲ್ಲಿ ರೈತರು ಹೇಳಿದ ಮೊತ್ತವನ್ನೇ ಕೊಟ್ಟು ಮಾತು ಉಳಿಸಿಕೊಂಡರು. ಹಾಗೆ ಕೊಟ್ಟದ್ದರಲ್ಲಿ ಎಷ್ಟು ಸರಿ, ಎಷ್ಟು ತಪ್ಪು ಎಂದು ಅವರಿಗೆ ಇಂದಿಗೂ ತಿಳಿಯದು. ಅದಕ್ಕಿಂತ ಅವರನ್ನು ಕೊರೆದ ಸಂಗತಿಯೆಂದರೆ, ತಾವು ಮೋಸ ಮಾಡುತ್ತಿರಬಹುದೆಂಬ ಅನುಮಾನ ಹದಿನೈದು ದಿನ ಆ ಮುಖಗಳಲ್ಲಿ ಸುಳಿದದ್ದು.

ಹಾಗಾದರೆ ಲ್ಯಾಪ್‌ಟಾಪನ್ನೇ ಒಯ್ಯಬಾರದೆ? ಮೊಬೈಲ್ ಫೋನೊಂದೇ ಸಾಕು ಎನ್ನುವವರಿದ್ದಾರೆ. ಈ ವಾದವನ್ನು ನಾನು ಒಪ್ಪಲಾರೆ. ಮೇಳದಲ್ಲಿ ಹಗಲು ಹತ್ತು ಮಳಿಗೆ ಸುತ್ತಿ, ರಾತ್ರಿ ಹತ್ತು ದರಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ಸಾಗಣೆ, ಸುಂಕ, ವಿಮೆ ಸೇರಿಸಿ ತಾಳೆ ನೋಡುವ ಕೆಲಸ ಅಂಗೈಯಗಲದ ಪರದೆಯಲ್ಲಿ ಆಗುವಂಥದ್ದಲ್ಲ. ಲೆಟರ್ ಆಫ್ ಕ್ರೆಡಿಟ್‌ನ ಕರಡನ್ನು ಫೋನಿನಲ್ಲಿ ಓದಿ ಒಪ್ಪಿಗೆ ಕೊಟ್ಟವರು ಆಮೇಲೆ ಪರಿತಪಿಸಿದ್ದುಂಟು.

ಎಲ್ಲವೂ ಕ್ಲೌಡ್‌ನಲ್ಲಿದೆ, ಬೇಕಾದಾಗ ತೆಗೆದುಕೊಂಡರಾಯಿತು ಎಂಬ ಧೈರ್ಯವೂ ಎಲ್ಲ ಕಡೆ ನಡೆಯದು. ಚೀನಾದಲ್ಲಿ ಗೂಗಲ್ ಸೇವೆಗಳಿಗೂ ಜಿಮೇಲ್‌ಗೂ ತಡೆಯಿದೆ, 2017ರಿಂದ ವಾಟ್ಸ್‌ಆ್ಯಪ್‌ಗೂ. ಹೋಟೆಲಿನ ವೈಫೈನಲ್ಲಿ ನಿಮ್ಮ ಕಡತ ತೆರೆಯುವುದಿಲ್ಲ. ಭಾರತದ ಸಿಮ್ಮಿನ ರೋಮಿಂಗ್‌ನಲ್ಲಿ ಸಾಮಾನ್ಯವಾಗಿ ತೆರೆಯುತ್ತದೆ, ಆದರೆ ಖರ್ಚು ಹೆಚ್ಚು. ಆದ್ದರಿಂದ ಆ ಪ್ರವಾಸಕ್ಕೆ ಬೇಕಾದ ಕಡತಗಳು ಯಂತ್ರದಲ್ಲೇ ಇರಬೇಕು. ಬೇಕಾದಷ್ಟು ಮಾತ್ರ ಇರಬೇಕೆಂಬುದನ್ನು ಒತ್ತಿ ಹೇಳುತ್ತೇನೆ. ಮನೆಯಲ್ಲಿ ಮೂಲೆ ಸೇರಿದ ಹಳೆಯ ಲ್ಯಾಪ್‌ಟಾಪನ್ನು ತೊಡೆದು ಶುದ್ಧಮಾಡಿ ಅದನ್ನೇ ಒಯ್ಯುವುದು ಉತ್ತಮ. ಟ್ಯಾಲಿಯ ದತ್ತಾಂಶ, ಉತ್ಪಾದನಾ ವೆಚ್ಚದ ಪಟ್ಟಿ, ಇತರ ಗಿರಾಕಿಗಳಿಗೆ ಕೊಟ್ಟ ದರ, ಇವು ಊರಲ್ಲೇ ಇರಲಿ. ಜಿ.ಎಸ್.ಟಿ. ಕಾಯಿದೆಯ ಪ್ರಕಾರವೂ ಲೆಕ್ಕಪತ್ರಗಳು ಇರಬೇಕಾದದ್ದು ವ್ಯವಹಾರದ ಮುಖ್ಯಸ್ಥಳದಲ್ಲಿ. ವಾರ್ಷಿಕ ವಿವರಣೆ ಸಲ್ಲಿಸಬೇಕಾದ ದಿನದಿಂದ 72 ತಿಂಗಳ ಕಾಲ ಅವನ್ನು ಕಾಪಾಡುವ ಹೊಣೆ ನಮ್ಮದೇ. ಟ್ಯಾಕ್ಸಿಯಲ್ಲಿ ಮರೆತೆನೆಂಬುದು ಅಧಿಕಾರಿಗಳ ಮುಂದೆ ಉತ್ತರವಾಗಲಾರದು.

ಡಿಜಿಟಲ್ ಸಹಿಯ ಟೋಕನ್ನಿನ ವಿಚಾರ ಇನ್ನೂ ಸೂಕ್ಷ್ಮವಾದದ್ದು. ಕಂಪನಿಗಳು ಜಿ.ಎಸ್.ಟಿ. ವಿವರಣೆಯನ್ನು ಅದರಿಂದಲೇ ಸಲ್ಲಿಸಬೇಕು. ಜೇಬಿನಲ್ಲಿಟ್ಟುಕೊಂಡು ಹೋದರೆ ಇಲ್ಲಿನ ಕೆಲಸ ನಿಲ್ಲುತ್ತದೆ. ಗುಮಾಸ್ತರ ಕೈಗೋ ಲೆಕ್ಕಪರಿಶೋಧಕರ ಕೈಗೋ ಕೊಟ್ಟು ಹೋಗುವುದೆಂದರೆ ಬರಿದಾದ ಚೆಕ್ಕಿಗೆ ಸಹಿ ಹಾಕಿಟ್ಟಂತೆ. ಇನ್ನೊಬ್ಬ ನಿರ್ದೇಶಕರನ್ನೋ ನಂಬಿಕಸ್ತ ಅಧಿಕಾರಿಯನ್ನೋ ಅಧಿಕೃತ ಸಹಿದಾರರನ್ನಾಗಿ ಮೊದಲೇ ನೋಂದಾಯಿಸಿ, ಅವರದೇ ಟೋಕನ್ ಮಾಡಿಸುವುದು ನೇರವಾದ ದಾರಿ. ಏಕಮಾಲೀಕ ಸಂಸ್ಥೆಯವರು ಮೊಬೈಲಿಗೆ ಬರುವ ಒ.ಟಿ.ಪಿ.ಯಿಂದಲೇ ಸಲ್ಲಿಸಬಹುದು. ಆದರೆ ಹೊರಡುವ ಮುನ್ನ ರೋಮಿಂಗ್ ಸೌಲಭ್ಯ ಪಡೆದಿಲ್ಲದಿದ್ದರೆ ಆ ಸಂದೇಶ ಬರುವುದಿಲ್ಲ. ತಿಂಗಳ 11 ಮತ್ತು 20ನೆಯ ತಾರೀಖುಗಳು ನಮ್ಮ ಪ್ರವಾಸಕ್ಕಾಗಿ ಕಾಯುವುದಿಲ್ಲವಷ್ಟೆ.

ಇನ್ನು ಸುಂಕದ ವಿಚಾರ. ಹಿಂದಿರುಗುವಾಗ ಕಸ್ಟಮ್ಸ್‌ನವರು ಹಿಡಿದಾರೆಂಬ ಅಂಜಿಕೆ ಅನೇಕರಲ್ಲಿದೆ. 18 ವರ್ಷ ತುಂಬಿದ ಪ್ರಯಾಣಿಕರು ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದೆಂದು 2004ರ ಜನವರಿಯಲ್ಲೇ ಅಧಿಸೂಚನೆ ಹೊರಟಿತು. 2023ರ ಆಗಸ್ಟ್ 3ರಂದು ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯವು ಲ್ಯಾಪ್‌ಟಾಪ್ ಆಮದಿಗೆ ನಿರ್ಬಂಧ ಘೋಷಿಸಿದಾಗಲೂ ಪ್ರಯಾಣಿಕರ ಲಗೇಜಿನಲ್ಲಿ ಬರುವುದನ್ನು ಅದರಿಂದ ಹೊರಗಿಟ್ಟಿತ್ತು. ಎರಡನೆಯ ಲ್ಯಾಪ್‌ಟಾಪಿಗೆ ಈ ವಿನಾಯಿತಿಯಿಲ್ಲ. ಹಳೆಯದನ್ನು ಒಯ್ದು ಮಗಳಿಗೆಂದು ಹೊಸದೊಂದನ್ನು ಕೊಂಡು ತರುವ ಯೋಜನೆಯಿದ್ದರೆ, ಹೊರಡುವಾಗಲೇ ವಿಮಾನ ನಿಲ್ದಾಣದಲ್ಲಿ ಹಳೆಯದಕ್ಕೆ ಕಸ್ಟಮ್ಸ್‌ನ ರಫ್ತು ಪ್ರಮಾಣಪತ್ರ ಪಡೆಯಿರಿ. ಅರ್ಧ ಗಂಟೆ ಮುಂಚೆ ಹೋದರೆ ಆದೀತು. ಹಾಗೆ ಕೇಳುವವರೇ ಅಪರೂಪವಾದ್ದರಿಂದ ಸಿಬ್ಬಂದಿ ಅಚ್ಚರಿಯಿಂದ ನೋಡಿದರೆ ಬೇಸರಪಡಬೇಡಿ.

ಹೊರದೇಶದ ಗಡಿಯಲ್ಲಿ ನಡೆಯುವ ತಪಾಸಣೆ ಬೇರೆಯದು. ಅಮೆರಿಕದಲ್ಲಿ ಗಡಿ ಅಧಿಕಾರಿಗಳು ನ್ಯಾಯಾಲಯದ ವಾರಂಟಿಲ್ಲದೆ ಲ್ಯಾಪ್‌ಟಾಪ್ ತೆರೆದು ನೋಡಬಲ್ಲರು. ನ್ಯೂಜಿಲೆಂಡಿನಲ್ಲಿ 2018ರ ಅಕ್ಟೋಬರಿನಿಂದ ಪಾಸ್‌ವರ್ಡ್ ಕೊಡಲು ನಿರಾಕರಿಸಿದವರಿಗೆ 5,000 ಡಾಲರುಗಳವರೆಗೆ ದಂಡ ಹಾಕುವ ಕಾನೂನಿದೆ. ಪ್ರಾಮಾಣಿಕ ವರ್ತಕರು ಇದಕ್ಕೆ ಹೆದರಬೇಕಿಲ್ಲ. ಆದರೆ ನಮ್ಮ ಗಿರಾಕಿಗಳ ದರಪಟ್ಟಿ ಅಪರಿಚಿತರ ಕಣ್ಣಿಗೆ ಬೀಳಲೆಂದು ಯಾರೂ ಬಯಸುವುದಿಲ್ಲ. ಇಲ್ಲದ ಕಡತವನ್ನು ಯಾರೂ ತೆರೆಯಲಾರರು. ನಿಜ ಹೇಳಬೇಕೆಂದರೆ, ಗಡಿಯ ಅಧಿಕಾರಿಗಿಂತ ಭದ್ರತಾ ತಪಾಸಣೆಯ ತಟ್ಟೆಯಲ್ಲಿ ಬಿಟ್ಟುಬರುವ ನಮ್ಮ ಮರೆವೇ ದೊಡ್ಡ ಅಪಾಯ.

ಲ್ಯಾಪ್‌ಟಾಪನ್ನು ಕೈಚೀಲದಲ್ಲೇ ಇಟ್ಟುಕೊಳ್ಳುವುದು ವಾಡಿಕೆ, ಅದೇ ಸರಿ. ಲಿಥಿಯಂ ಬ್ಯಾಟರಿಗೆ ಬೆಂಕಿಯ ಭಯವಿರುವುದರಿಂದ ಬಿಡಿ ಬ್ಯಾಟರಿಯನ್ನೂ ಪವರ್ ಬ್ಯಾಂಕನ್ನೂ ಚೆಕ್-ಇನ್ ಪೆಟ್ಟಿಗೆಗೆ ಹಾಕುವಂತಿಲ್ಲ. 100 ವ್ಯಾಟ್-ಅವರ್ ಮೀರಿದ್ದಕ್ಕೆ ವಿಮಾನ ಸಂಸ್ಥೆಯ ಅನುಮತಿ ಬೇಕು. ಆದರೂ ನಿಯಮಗಳು ರಾತ್ರೋರಾತ್ರಿ ಬದಲಾಗುತ್ತವೆಂಬುದನ್ನು 2017ರ ಮಾರ್ಚಿಯಲ್ಲಿ ಕಂಡೆವು. ದುಬೈ, ಅಬುಧಾಬಿ, ದೋಹಾ ಸೇರಿ ಹತ್ತು ವಿಮಾನ ನಿಲ್ದಾಣಗಳಿಂದ ಅಮೆರಿಕಕ್ಕೆ ಹೋಗುವ ನೇರ ವಿಮಾನಗಳಲ್ಲಿ ಲ್ಯಾಪ್‌ಟಾಪ್ ಕೈಯಲ್ಲಿ ಒಯ್ಯುವುದನ್ನೇ ಅಮೆರಿಕ ನಿಷೇಧಿಸಿತು. ಜುಲೈವರೆಗೆ, ಬೆಂಗಳೂರಿನಿಂದ ಆ ದಾರಿಯಲ್ಲಿ ಹೋದವರು ತಮ್ಮ ಯಂತ್ರವನ್ನು ಲಗೇಜಿನ ಪೆಟ್ಟಿಗೆಗೆ ಹಾಕಿ ಹದಿನಾಲ್ಕು ಗಂಟೆ ಜೀವ ಬಿಗಿಹಿಡಿದು ಕೂರಬೇಕಾಯಿತು. ಅಂದು ಸಹ ನಿಶ್ಚಿಂತೆಯಿಂದ ಕೂತಿದ್ದವರು, ಲೆಕ್ಕದ ಪ್ರತಿಯೊಂದನ್ನು ಊರಲ್ಲಿಟ್ಟು ಬಂದವರೇ ಇರಬೇಕು.

ಹೆಫೈಗೆ ಹೋಗಿದ್ದ ನಮ್ಮ ಸ್ನೇಹಿತರು ಆ ಬಳಿಕ ದುಬೈಗೆ ಹೋಗಿಬಂದರು. ಮಗ ಕಾಲೇಜಿನಲ್ಲಿ ಬಳಸಿ ಬಿಟ್ಟಿದ್ದ ಲ್ಯಾಪ್‌ಟಾಪ್, ಅದರಲ್ಲಿ ಎರಡೇ ಫೋಲ್ಡರ್, ಅಲ್ಲಿನ ಮೂರು ಚಪ್ಪಟೆ ಕಾಲಿನ ಪ್ಲಗ್ಗಿಗೊಂದು ಅಡಾಪ್ಟರ್. ಗಿರಣಿಯ ಲೆಕ್ಕದ ಯಂತ್ರಕ್ಕೆ ಈಗ ಪ್ರತಿ ಸಂಜೆ ಎರಡು ಪ್ರತಿ. ಒಂದು ಗಿರಣಿಯ ಬೀರುವಿನಲ್ಲಿ, ಇನ್ನೊಂದು ಮನೆಯಲ್ಲಿ. ಗುಮಾಸ್ತರಿಗೆ ಕಿರ್ದಿ ಬೇಡವೆಂದು ಹೇಳುವುದನ್ನೂ ಅವರು ಬಿಟ್ಟಿದ್ದಾರೆ.