ಶಸ್ತ್ರಕ್ರಿಯೆಗೆ ಮೊದಲೇ ಬೀಡಿ ಬಿಡಬೇಕು

ಶ್ವಾಸಕೋಶದ ಶಸ್ತ್ರಕ್ರಿಯೆಗೆ ದಿನ ಗೊತ್ತಾದ ಮನೆಯಲ್ಲಿ ಹಣ ಹೊಂದಿಸುವ ಚಿಂತೆ, ಆಸ್ಪತ್ರೆಯಲ್ಲಿ ಜತೆಗೆ ನಿಲ್ಲುವವರು ಯಾರೆಂಬ ಚಿಂತೆ ಎಲ್ಲವೂ ಇರುತ್ತವೆ. ರೋಗಿಯ ಕಿಸೆಯಲ್ಲಿರುವ ಬೀಡಿಕಟ್ಟಿನ ಚಿಂತೆ ಮಾತ್ರ ಯಾರಿಗೂ ಇರುವುದಿಲ್ಲ. "ನಲ್ವತ್ತು ವರ್ಷ ಎಳೆದವರು, ಈಗ ನಾಲ್ಕು ದಿನಕ್ಕೆ ಬಿಟ್ಟು ಏನಾಗಬೇಕು?" ಎಂದು ಮನೆಯವರೇ ಹೇಳುವುದುಂಟು. ಈ ಮಾತು ಅಪಾಯಕಾರಿಯೆಂದು ನಾವು ಹೇಳಬಯಸುತ್ತೇವೆ.

ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಕಸಿಯುತ್ತದೆ. ಬೀಡಿ ನಿಲ್ಲಿಸಿದ ಒಂದೆರಡು ದಿನಗಳಲ್ಲಿಯೇ ಇದು ಬಹುಪಾಲು ಇಳಿಯುತ್ತದೆ. ಶ್ವಾಸನಾಳದೊಳಗಿನ ಸೂಕ್ಷ್ಮ ರೋಮಗಳು ಕಫವನ್ನು ಮೇಲಕ್ಕೆ ದೂಡುತ್ತವೆ. ಹೊಗೆಯಿಂದ ಜಡವಾದ ಇವು ಚೇತರಿಸಿಕೊಳ್ಳಲು ವಾರಗಳು ಬೇಕು. ಎದೆಯ ಗಾಯದ ನೋವಿಗೆ ಕೆಮ್ಮಲಾರದ ರೋಗಿಯಲ್ಲಿ ಕಫ ಕಟ್ಟಿಕೊಂಡರೆ ನ್ಯುಮೋನಿಯಾ ಬರಬಹುದು. ಗಾಯ ಮಾಯುವುದೂ ತಡವಾಗುತ್ತದೆ. ಶಸ್ತ್ರಕ್ರಿಯೆಗೆ ಕನಿಷ್ಠ 4 ವಾರ ಮೊದಲೇ ಧೂಮಪಾನ ಬಿಟ್ಟವರಿಗೆ ತೊಡಕುಗಳು ಕಡಿಮೆಯೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ತಿಳಿಸಿದೆ. ಅಷ್ಟು ಕಾಲಾವಕಾಶ ಇಲ್ಲದಿದ್ದರೆ ಇಂದೇ ಬಿಡುವುದು ಲೇಸು. ಹಾಗೆಂದು ಬೀಡಿ ಬಿಡುವ ನೆಪದಲ್ಲಿ ಕ್ಯಾನ್ಸರಿನ ಶಸ್ತ್ರಕ್ರಿಯೆಯನ್ನು ತಾವಾಗಿಯೇ ಮುಂದೂಡಕೂಡದು. ಅದನ್ನು ಡಾಕ್ಟರರು ನಿರ್ಧರಿಸಲಿ.

"ರೋಗದ ಭಾಗ ತೆಗೆದಾಯಿತಲ್ಲ" ಎಂದು ಮನೆಗೆ ಬಂದ ಮೇಲೆ ಪುನಃ ಬೆಂಕಿಕಡ್ಡಿ ಗೀರುವವರಿದ್ದಾರೆ. ತೆಗೆದದ್ದು ಹೋಯಿತು, ಇನ್ನು ಬದುಕಬೇಕಾದದ್ದು ಉಳಿದ ಭಾಗದಿಂದಲೇ. ಕ್ಯಾನ್ಸರ್ ಮರುಕಳಿಸುವ, ಹೊಸದಾಗಿ ಹುಟ್ಟುವ ಅಪಾಯವನ್ನು ಬೀಡಿ ಹೆಚ್ಚಿಸುತ್ತದೆ. ಜಗಲಿಯಲ್ಲಿ ಕುಳಿತು ಹೊಗೆ ಬಿಡುವ ಮಕ್ಕಳು, ಅಳಿಯಂದಿರು, ಕ್ಷೇಮ ವಿಚಾರಿಸಲು ಬರುವ ನೆಂಟರು ಸಹ ಇದನ್ನು ಮನಗಾಣಬೇಕು.

ಇಲ್ಲಿ ಭಾಷೆಯ ಪ್ರಶ್ನೆಯೂ ಇದೆ. ಡಾಕ್ಟರರು ಮಲಯಾಳದಲ್ಲಿ ಹೇಳಿದ್ದಕ್ಕೆ ನಮ್ಮ ಹಿರಿಯರು ತಲೆದೂಗಿ ಬರುತ್ತಾರೆ. ಮಾತ್ರೆಯ ಹೊತ್ತು ನೆನಪಿರುತ್ತದೆ. ಬೀಡಿ ಏಕೆ ಬಿಡಬೇಕು, ಹೇಗೆ ಬಿಡಬೇಕು ಎಂಬುದು ತಲೆಗೆ ಹತ್ತಿರುವುದಿಲ್ಲ. ಇಲ್ಲಿಯ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನು 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯು ನಮಗೆ ಕೊಟ್ಟಿದೆ. ಕಚೇರಿಯ ಅರ್ಜಿಗೆ ಸಲ್ಲುವ ಭಾಷೆ ರೋಗಿಯ ಪ್ರಾಣದ ವಿಷಯಕ್ಕೆ ಸಲ್ಲಬೇಡವೇ? ಶಸ್ತ್ರಕ್ರಿಯೆಯ ಸೂಚನೆಗಳನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿಯೂ ಅಚ್ಚುಹಾಕಿಸಿ ಕೊಡುವುದು ಜಿಲ್ಲೆಯ ಆಸ್ಪತ್ರೆಗಳಿಗೆ ದೊಡ್ಡ ಹೊರೆಯಲ್ಲ.

ಅದು ಬರುವ ತನಕ ಕಾದು ಕುಳಿತುಕೊಳ್ಳಬೇಕಾಗಿಯೂ ಇಲ್ಲ. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ದೂರವಾಣಿ ಸೇವೆಯ ಸಂಖ್ಯೆ 1800-11-2356. ಕರೆಗೆ ಹಣವಿಲ್ಲ; ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದ ಮೂಲಕ ಕನ್ನಡದಲ್ಲಿಯೂ ಮಾತನಾಡಬಹುದು. ಮನೆಯಲ್ಲಿ ಓದುವ ಮಕ್ಕಳಿದ್ದರೆ ಈ ಸಂಖ್ಯೆಯನ್ನು ಗೋಡೆಯ ಪಂಚಾಂಗದಲ್ಲಿ ಬರೆದಿಡಲಿ, ಅಜ್ಜನಿಗೆ ಫೋನು ಮಾಡಿಕೊಡಲಿ.