ಜೌಗು ಬಸಿದ ಮೇಲೆ ಗೊಬ್ಬರದಿಂದೇನು?

ಬಸಿಗಾಲುವೆ ತೆಗೆದು ನಾಲ್ಕು ಗಾಡಿ ಗೊಬ್ಬರ ಸುರಿದರೆ ಎಂಥ ಜೌಗೂ ತೋಟವಾದೀತು ಎಂಬ ಮಾತನ್ನು ಸಂಘದ ಜಗಲಿಯಲ್ಲಿ ನಾವು ಆಗಾಗ ಕೇಳುತ್ತೇವೆ. ಅಡಿಕೆಗೆ ಧಾರಣೆ ಬಂದ ವರ್ಷ ಈ ಮಾತು ಇನ್ನೂ ಜೋರು. ಈ ಮಾತನ್ನು ಒಪ್ಪುವುದು ನಮ್ಮಿಂದಾಗದು.

ಇಂಡೋನೇಷ್ಯಾದ ಜಾಂಬಿ ಪ್ರಾಂತದ ಕರಾವಳಿಯಲ್ಲಿ ಲೈಬೀರಿಕಾ ಕಾಫಿಯನ್ನೂ ಅಡಿಕೆಯನ್ನೂ ಪೀಟ್ ನೆಲದಲ್ಲಿ ಬೆಳೆಯುತ್ತಾರೆ. ಪೀಟ್ ಎಂದರೆ ಸಾವಿರಾರು ವರ್ಷ ನೀರಲ್ಲಿ ಮುಳುಗಿ, ಪೂರ್ತಿ ಕೊಳೆಯದೆ ಉಳಿದ ಎಲೆ, ಬೇರು, ಮರಗಳ ರಾಶಿ. ನೀರು ನಿಂತಲ್ಲಿ ಗಾಳಿಯಾಡದು. ಗಾಳಿಯಿಲ್ಲದೆ ಕೊಳೆಸುವ ಸೂಕ್ಷ್ಮಾಣುಗಳು ಬಹುಮಟ್ಟಿಗೆ ಕೈಕಟ್ಟಿ ಕೂರುತ್ತವೆ. ಕಾಲುವೆ ತೆಗೆದೊಡನೆ ಅವಕ್ಕೆ ಹಬ್ಬ. ನಾವು ಗೊಬ್ಬರಗುಂಡಿ ಮಗುಚಿ ಗಾಳಿಯಾಡಿಸುತ್ತೇವಲ್ಲ, ಇದೂ ಅದೇ ಕೆಲಸ. ವ್ಯತ್ಯಾಸವಿಷ್ಟೇ: ಗುಂಡಿಯ ಸೊಪ್ಪು, ಕಾಫಿ ಸಿಪ್ಪೆಗಳ ಇಂಗಾಲ ಹೋದ ವರ್ಷ ಗಾಳಿಯಿಂದ ಬಂದದ್ದು, ಅಲ್ಲಿಗೇ ಮರಳುತ್ತದೆ. ಪೀಟಿನದು ಸಾವಿರಾರು ವರ್ಷಗಳ ಇಡುಗಂಟು. ಬಸಿದ ಉಷ್ಣವಲಯದ ಪೀಟಿನಲ್ಲಿ ಎಣ್ಣೆತಾಳೆ ಬೆಳೆದರೆ ಹೆಕ್ಟೇರಿಗೆ ವರ್ಷಕ್ಕೆ ಸುಮಾರು 11 ಟನ್ ಇಂಗಾಲ ಹೋಗುತ್ತದೆಂದು 2013ರಲ್ಲಿ ವಿಶ್ವಸಂಸ್ಥೆಯ ಹವಾಮಾನ ಸಮಿತಿ ಲೆಕ್ಕ ಹಾಕಿತು. ಇಂಗಾಲದ ಡೈಆಕ್ಸೈಡಿನ ಲೆಕ್ಕದಲ್ಲಿ 40 ಟನ್! ಯಾವ ಕಾಂಪೋಸ್ಟು ಇದನ್ನು ತುಂಬೀತು? ಹುಳಿಮಣ್ಣೆಂದು ಸುಣ್ಣ ಹಾಕಿದರೆ ಕೊಳೆಯುವಿಕೆ ಇನ್ನೂ ಚುರುಕಾಗುತ್ತದೆ.

ಇಂಗ್ಲೆಂಡಿನ ಹೋಮ್ ಫೆನ್ ಎಂಬಲ್ಲಿ 1851ರ ಸುಮಾರಿಗೆ ಜೌಗು ಬಸಿಯುವಾಗ ಒಂದು ಕಬ್ಬಿಣದ ಕಂಬವನ್ನು ತಲೆ ನೆಲಮಟ್ಟಕ್ಕೆ ಬರುವಂತೆ ಹೂಳಿದರು. ಇಂದು ಅದರ ತಲೆ ಸುಮಾರು 4 ಮೀಟರ್ ಮೇಲಿದೆ. ಕಂಬ ಬೆಳೆಯಲಿಲ್ಲ, ನೆಲ ಇಳಿಯಿತು. ಮೊದಲು ನೀರಿಳಿದು ಕುಗ್ಗಿತು, ಆಮೇಲೆ ಸೂಕ್ಷ್ಮಾಣುಗಳು ತಿಂದವು.

2015ರಲ್ಲಿ ಬಸಿದ ಪೀಟ್ ಹೊತ್ತಿ ಉರಿದ ಮೇಲೆ ಇಂಡೋನೇಷ್ಯಾ ಎಚ್ಚೆತ್ತಿತು. 2016ರಿಂದ ಕಾಲುವೆಗಳಿಗೆ ಕಟ್ಟೆ ಹಾಕತೊಡಗಿತು. ಕೃಷಿಯಿರುವ ಪೀಟಿನಲ್ಲೂ ನೀರು 40 ಸೆಂಟಿಮೀಟರಿಗಿಂತ ಕೆಳಗಿಳಿಯಬಾರದೆಂದು ನಿಯಮ ಮಾಡಿತು. ನೀರು ನಿಂತಲ್ಲಿ ಮೀಥೇನ್ ಏಳುವುದು ನಿಜ. ಆದರೂ ಒಟ್ಟು ಲೆಕ್ಕದಲ್ಲಿ ನೀರಿರುವುದೇ ಲೇಸು.

ನಮ್ಮ ಘಟ್ಟದ ರಾಮಪತ್ರೆ ಜಡ್ಡಿಗಳು ಪೀಟ್ ಅಲ್ಲ, ಅಷ್ಟು ಆಳದ ರಾಶಿ ಅಲ್ಲಿಲ್ಲ. ಆದರೆ ದರಕು ನೀರಲ್ಲಿ ನೆನೆದು ನಿಧಾನ ಕೊಳೆಯುವುದು ಅಲ್ಲೂ ಉಂಟು, ಬಸಿದರೆ ಗಾಳಿ ಹೊಗುವುದೂ ಉಂಟು. ಹಿಂದೆ ಎಷ್ಟೋ ಜಡ್ಡಿಗಳು ಗದ್ದೆ, ತೋಟಗಳಾದವು. ಅದರ ಫಲ ಉಂಡವರಲ್ಲಿ ನಾವೂ ಇದ್ದೇವೆ. ಅಡಿಕೆಯ ಬೇರಿಗೆ ನಿಂತ ನೀರು ಆಗದೆಂಬುದು ಗೊತ್ತಿದ್ದದ್ದೇ, ಇರುವ ತೋಟದ ಬಸಿಗಾಲುವೆ ಮುಚ್ಚಿ ಎಂದು ಯಾರಿಗೂ ಹೇಳುತ್ತಿಲ್ಲ. ಉಳಿದಿರುವ ಜಡ್ಡಿಗೆ ಹೊಸದಾಗಿ ಗುದ್ದಲಿ ಹಾಕುವುದು ಬೇಡ. ಅಂಥ ತೋಟಕ್ಕೆ ಸಂಘದ ಸಾಲವೂ ಸಲ್ಲದೆಂಬುದು ನಮ್ಮ ಅಭಿಪ್ರಾಯ. ಒಪ್ಪದ ಸದಸ್ಯರು ಮಹಾಸಭೆಯಲ್ಲಿ ಎದ್ದು ಹೇಳಲಿ, ಕೇಳಲು ಸಿದ್ಧರಿದ್ದೇವೆ.