ಒಂಬತ್ತು ಗಂಟೆಯ ಮೇಲಿನ ಕೂಗು

ಅದೇ ವಿಡಿಯೊ ಈ ವಾರ ಮತ್ತೆ ನನ್ನ ಮೊಬೈಲಿಗೆ ಬಂದಿದೆ, ಅದೂ ಮೂರು ಬೇರೆ ಬೇರೆ ಗುಂಪುಗಳಿಂದ. ಗುಂಡ್ಲುಪೇಟೆಯಿಂದ ಊಟಿಗೆ ಹೋಗುವ ದಾರಿಯಲ್ಲಿ ಒಂದು ‘ದೆವ್ವದ ಹೋಟೆಲ್’ ಇದೆಯಂತೆ. ಕತ್ತಲು, ಅರ್ಧ ಎಳೆದ ಷಟರು, ಹಿತ್ತಲ ಕಡೆಯಿಂದ ಉದ್ದನೆಯ ಒಂದು ಕೂಗು, ಕ್ಯಾಮೆರಾ ಹಿಡಿದವನ ಏದುಸಿರು. ಕೊನೆಯಲ್ಲಿ ಒಂದು ಎಚ್ಚರಿಕೆ: ಫ್ಯಾಮಿಲಿ ಜೊತೆ ಹೋಗುವವರು ದಯವಿಟ್ಟು ಇಲ್ಲಿ ನಿಲ್ಲಿಸಬೇಡಿ.

ನಾನು ನಿಲ್ಲಿಸಿದ್ದೇನೆ. ಫ್ಯಾಮಿಲಿ ಜೊತೆಗೇ. ಆದ್ದರಿಂದ ಈ ವಾರ ಬರೆಯಬೇಕೆಂದಿದ್ದನ್ನು ಬದಿಗಿಟ್ಟು ಇದನ್ನೇ ಬರೆಯುತ್ತಿದ್ದೇನೆ.

ನನ್ನ ತವರು ಗುಂಡ್ಲುಪೇಟೆ ತಾಲ್ಲೂಕು. ಕಳೆದ ತಿಂಗಳು ಅಮ್ಮ, ಅಣ್ಣ, ಅತ್ತಿಗೆ, ಅವರ ಇಬ್ಬರು ಮಕ್ಕಳು, ನಾನು ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೊರಟಿದ್ದೆವು. ಹಂಗಳ ಇನ್ನೂ ಬಂದಿರಲಿಲ್ಲ. ಬೆಂಗಳೂರಿನಲ್ಲಿ ಬೆಳೆದ ಅಣ್ಣನ ಮಗ ಮೊಬೈಲನ್ನೂ ರಸ್ತೆಯನ್ನೂ ಒಮ್ಮೊಮ್ಮೆ ನೋಡುತ್ತ ಕೂತಿದ್ದವನು, “ಅತ್ತೆ, ಇದೇ! ಇಲ್ಲೇ ನಿಲ್ಲಿಸಿ” ಎಂದು ಕೂಗಿಕೊಂಡ. ಅತ್ತಿಗೆ ಬೇಡವೆಂದರು. ಮಕ್ಕಳಿಗೆ ಗಾಳಿ ಸೋಕುತ್ತದೆ ಎಂಬ ಹೆದರಿಕೆ ಅವರಿಗೆ ನಿಜವಾಗಿಯೂ ಇದೆ. ಕಾರು ನಿಲ್ಲಿಸಿದ್ದು ಅಮ್ಮನಿಗಾಗಿ. ಅವರಿಗೆ ಕಾಫಿ ಬೇಕಿತ್ತು.

ಷೀಟಿನ ಮಾಡು, ಐದು ಟೇಬಲ್ಲು, ಗೋಡೆಯಲ್ಲಿ ಮಹದೇಶ್ವರನ ಪಟ. ಐವತ್ತರ ಆಸುಪಾಸಿನ ಒಬ್ಬ ಹೆಂಗಸು ಒಬ್ಬಳೇ ಅಡುಗೆ, ಬಡಿಸುವುದು, ಲೋಟ ತೊಳೆಯುವುದು ಎಲ್ಲವನ್ನೂ ಮಾಡುತ್ತಿದ್ದಳು. ಭಾನುವಾರ ಹನ್ನೊಂದು ಗಂಟೆ. ಹೊರಗೆ ಊಟಿ ಕಡೆಗೆ ಕಾರುಗಳ ಸಾಲು ಹರಿಯುತ್ತಿತ್ತು, ಒಳಗೆ ಮಾತ್ರ ನಾವು ಆರೇ ಜನ. ಒಂದು ಕಾರು ನಿಧಾನಿಸಿತು. ಕಿಟಕಿಯಿಂದ ಹುಡುಗರು ‘ಹೂ’ ಎಂದು ಕೂಗಿ, ಮೊಬೈಲು ಹಿಡಿದು, ಹಾಗೇ ಮುಂದೆ ಹೋದರು. ಆಕೆ ತಲೆ ಎತ್ತಲಿಲ್ಲ. ರೂಢಿಯಾಗಿರಬೇಕು.

ಹುಡುಗ ಅಜ್ಜಿಗೆ ವಿಡಿಯೊ ತೋರಿಸಿದ. ಅಮ್ಮನಿಗೆ ಕಣ್ಣು ಮಂಜು, ಕಿವಿ ಚುರುಕು. “ಇನ್ನೊಂದ್ಸಲ ಹಾಕು ಮಗ” ಎಂದರು. ಇನ್ನೊಮ್ಮೆ ಕೇಳಿ, “ಇದ್ಯಾವ ದೆವ್ವ? ಆನ ಓಡುಸ್ತಾವ್ರ” ಎಂದರು.

ದೋಸೆ ತಂದಿಡುತ್ತಿದ್ದ ಆಕೆಯ ಕೈ ಅಲ್ಲೇ ನಿಂತಿತು. “ಅದು ನಮ್ ಯಜಮಾನ್ರ ದನಿ ಕನವ್ವ” ಎಂದಳು.

ಹೋಟೆಲಿನ ಹಿಂದೆ ಅವರದು ಸ್ವಲ್ಪ ಬಾಳೆ ತೋಟ ಇದೆ, ಅದರಾಚೆಗೆ ಕಾಡು. ಬಾಳೆ ಗೊನೆ ಬಿಡುವ ಹೊತ್ತಿಗೆ ಆನೆ ಬರುತ್ತದೆ. ಕಂದಕ ತೋಡಿದ್ದಾರೆ, ಮಳೆಗೆ ಮಣ್ಣು ಕುಸಿದ ಕಡೆ ಆನೆ ದಾಟುತ್ತದೆ. ಸೋಲಾರ್ ಬೇಲಿ ಹಾಕಿದ್ದಾರೆ, ಒಣಮರವನ್ನು ತಂತಿಯ ಮೇಲೆ ಕೆಡವಿ ದಾಟುವುದನ್ನು ಆನೆ ಕಲಿತಿದೆ. ಕೊನೆಗೆ ಉಳಿಯುವುದು ಒಂದು ಟಾರ್ಚು, ನಾಲ್ಕು ಪಟಾಕಿ, ಮನುಷ್ಯನ ಗಂಟಲು. ನಮ್ಮಪ್ಪನೂ ಹೀಗೇ ಮರದ ಮೇಲಿನ ಅಟ್ಟಣೆಯಲ್ಲಿ ಕೂತು ಜೋಳ ಕಾದವರು. ಬೆಳಿಗ್ಗೆ ಅಪ್ಪನ ಗಂಟಲು ಕಟ್ಟಿದ್ದರೆ ರಾತ್ರಿ ಆನೆ ಬಂದಿತ್ತೆಂದು ಅಮ್ಮನಿಗೆ ತಿಳಿಯುತ್ತಿತ್ತು. ಅಂದು ಅಪ್ಪ ಮಾತಾಡುತ್ತಿರಲಿಲ್ಲ, ಅಮ್ಮ ಬಿಸಿ ಸಾರು ಕೊಟ್ಟು ಸುಮ್ಮನಿರುತ್ತಿದ್ದರು. ಬೆಳೆಯನ್ನೂ ಜೀವವನ್ನೂ ಉಳಿಸಿಕೊಳ್ಳಲು ಒಬ್ಬ ರೈತ ನಡುರಾತ್ರಿ ಹಾಕುವ ಕೂಗು ಈಗ ಲಕ್ಷಾಂತರ ಜನರಿಗೆ ಮನರಂಜನೆ. ನನಗೆ ಸಿಟ್ಟು ಬಂದದ್ದು ಇದಕ್ಕೆ.

ಇನ್ನು ಹೋಟೆಲಿನ ಕತ್ತಲೆ. ಬಂಡೀಪುರದ ಕಾಡಿನೊಳಗಿನ ರಸ್ತೆಗಳು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚತೊಡಗಿದ್ದು 2009ರಲ್ಲಿ. ಅದರ ಸುತ್ತಲಿನ ಜಗಳ, ಕೋರ್ಟು, ಕೇರಳದ ಒತ್ತಡ ಓದುಗರಿಗೆ ಗೊತ್ತೇ ಇದೆ. ನಿಷೇಧ ತೆಗೆಯಿರಿ ಎನ್ನುವವಳಲ್ಲ ನಾನು. ಲಾರಿಗೆ ಸಿಕ್ಕಿ ಸತ್ತ ಕಡವೆಯನ್ನು ರಸ್ತೆಯಲ್ಲಿ ಕಂಡವರು ಯಾರೂ ಹಾಗೆ ಹೇಳಲಾರರು. ಆದರೆ ರಾತ್ರಿ ಲಾರಿಗಳನ್ನೇ ನಂಬಿದ್ದ ಹೋಟೆಲುಗಳ ಒಲೆ ಅಂದಿನಿಂದ ಆರಿತು. ಆಕೆಯ ಮಾವ ರಾತ್ರಿಯಿಡೀ ಪರೋಟ ಮಾಡುತ್ತಿದ್ದ ಜಾಗವಂತೆ ಅದು. “ಒಂಬತ್ತಕ್ಕ ಗೇಟ್ ಹಾಕ್ತರ. ಆಮ್ಯಾಕ ಯಾರ್ ಬಂದರು? ಲೈಟ್ ಉರ್ಸುದ್ರ ಕರೆಂಟ್ ಬಿಲ್ಲು” ಎಂದಳು. ಗಿರಾಕಿ ಇಲ್ಲವೆಂದು ದೀಪ ಆರಿಸಿದಳು. ದೀಪ ಇಲ್ಲವೆಂದು ದೆವ್ವ ಎಂದರು. ದೆವ್ವ ಎಂದ ಮೇಲೆ ಹಗಲಿನ ಗಿರಾಕಿಯೂ ಹೋದ. ಕೆಲಸಕ್ಕಿದ್ದ ಹುಡುಗನನ್ನು ಅವನ ತಾಯಿ ಬಂದು ಕರೆದುಕೊಂಡು ಹೋದಳಂತೆ.

ಇದು ಒಂದು ಹೋಟೆಲಿನ ಕತೆಯಾಗಿದ್ದರೆ ನನ್ನ ಸಿಟ್ಟು ಇಷ್ಟು ಹೊತ್ತು ಉರಿಯುತ್ತಿರಲಿಲ್ಲ. ಈ ಅಂಕಣದ ಹಳೆಯ ಓದುಗರಿಗೆ ನಾನು ಎಲ್ಲಿಗೆ ಬರುತ್ತಿದ್ದೇನೆಂದು ತಿಳಿದಿರುತ್ತದೆ. ನಮ್ಮ ಇಡೀ ಚಾಮರಾಜನಗರವನ್ನೇ ಬೆಂಗಳೂರಿನ ರಾಜಕಾರಣ ದೆವ್ವದ ಹೋಟೆಲ್ ಮಾಡಿ ಕೂರಿಸಿತ್ತು. ಕಾಲಿಟ್ಟ ಮುಖ್ಯಮಂತ್ರಿಯ ಕುರ್ಚಿ ಹೋಗುತ್ತದೆ! ದೇವರಾಜ ಅರಸು, ಗುಂಡೂರಾವ್, ರಾಮಕೃಷ್ಣ ಹೆಗಡೆ, ಎಸ್.ಆರ್. ಬೊಮ್ಮಾಯಿ, ವೀರೇಂದ್ರ ಪಾಟೀಲ ಎಂದು ಪಟ್ಟಿ ಒಪ್ಪಿಸುತ್ತಾರೆ. ಗುಂಡೂರಾವ್ ಅವರನ್ನು 1983ರಲ್ಲಿ ಇಳಿಸಿದ್ದು ಮತದಾರರು. 1988ರಲ್ಲಿ ಹೆಗಡೆಯವರು ರಾಜೀನಾಮೆ ಕೊಟ್ಟದ್ದು ದೂರವಾಣಿ ಕದ್ದಾಲಿಕೆಯ ಹಗರಣದಿಂದ. ಬೊಮ್ಮಾಯಿ ಸರ್ಕಾರವನ್ನು 1989ರಲ್ಲಿ ವಜಾ ಮಾಡಿದ್ದು 356ನೇ ವಿಧಿ ಬಳಸಿ. ಅದರ ಮೇಲೆ ಸುಪ್ರೀಂ ಕೋರ್ಟ್ 1994ರಲ್ಲಿ ಕೊಟ್ಟ ತೀರ್ಪನ್ನು ಕಾನೂನು ಓದುವ ಮಕ್ಕಳೆಲ್ಲ ಓದುತ್ತಾರೆ. ಕಾಯಿಲೆ ಬಿದ್ದಿದ್ದ ವೀರೇಂದ್ರ ಪಾಟೀಲರನ್ನು 1990ರಲ್ಲಿ ತೆಗೆದದ್ದು ಅವರದೇ ಪಕ್ಷದ ಹೈಕಮಾಂಡ್. ಇದರಲ್ಲಿ ನಮ್ಮೂರಿನ ಮಣ್ಣು ಮಾಡಿದ ತಪ್ಪೇನು?

1997ರಲ್ಲಿ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾದ ಮೇಲೂ ಈ ಭಯ ಬಿಡಲಿಲ್ಲ. ಜಿಲ್ಲಾ ಕೇಂದ್ರಕ್ಕೆ ಬಾರದೆಯೇ ಅಧಿಕಾರ ಮುಗಿಸಿದ ಮುಖ್ಯಮಂತ್ರಿಗಳಿದ್ದಾರೆ. 2013ರಿಂದ 2018ರವರೆಗೆ ಸಿದ್ದರಾಮಯ್ಯ ಮತ್ತೆ ಮತ್ತೆ ಬಂದರು, ಐದು ವರ್ಷ ಪೂರೈಸಿದರು. ಆದರೂ ಪಟ್ಟಿ ಒಪ್ಪಿಸುವವರು ಬಾಯಿ ಮುಚ್ಚಲಿಲ್ಲ. ಆಮೇಲೆ ಚಾಮುಂಡೇಶ್ವರಿ ಕ್ಷೇತ್ರದಲ್ಲಿ ಸೋತರಲ್ಲ ಎಂದರು. ಮುಖ್ಯಮಂತ್ರಿ ಬಾರದ ಊರನ್ನು ಅಧಿಕಾರಿ ಯಾಕೆ ಲೆಕ್ಕಕ್ಕಿಡಬೇಕು? 2021ರ ಮೇ 2 ಮತ್ತು 3ರ ನಡುವೆ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ರೋಗಿಗಳು ಸತ್ತರು. ಸಿಲಿಂಡರು ಮೈಸೂರಿನಿಂದ ಬರಬೇಕಿತ್ತು. ಅವರನ್ನು ಯಾವ ದೆವ್ವ ಕೊಂದಿತು, ಹೇಳಿ. ಆ ಮನೆಗಳವರು ವರ್ಷಗಟ್ಟಲೆ ನ್ಯಾಯ ಕೇಳಿ ಕೂಗಿದ್ದಾರೆ. ಅದನ್ನು ಯಾರೂ ವಿಡಿಯೊ ಮಾಡಿ ಲಕ್ಷ ಜನರಿಗೆ ಹಂಚಲಿಲ್ಲ.

ಹೋಟೆಲಿಗೆ ಬರುತ್ತೇನೆ. ಅತ್ತಿಗೆ ಆಕೆಯ ಕೈಯಿಂದ ಎರಡು ಪೊಟ್ಟಣ ಚಿತ್ರಾನ್ನ ಕಟ್ಟಿಸಿಕೊಂಡರು. ಬೇಡ ಎಂದವರು ಅವರೇ, ಕಟ್ಟಿಸಿಕೊಂಡವರೂ ಅವರೇ. ನನಗೆ ಬಹಳ ಸಮಾಧಾನವಾಯಿತು. ಹುಡುಗ ತನ್ನ ಮೊಬೈಲಿನಿಂದ ಆ ವಿಡಿಯೊ ಅಳಿಸಿದ. ಅಷ್ಟು ಹೊತ್ತಿಗೆ ಬಾಳೆ ತೋಟದಿಂದ ಆ ಮನುಷ್ಯ ಬಂದರು. ಸಣ್ಣ ಆಳು, ಹೆಗಲ ಮೇಲೆ ಟವೆಲು, ನಿದ್ದೆಯಿಲ್ಲದ ಕಣ್ಣು. ಅಮ್ಮ “ರಾತ್ರಿ ಬಂದಿತ್ತಾ?” ಎಂದು ಕೇಳಿದರು. ಅವರು ಎರಡು ಬೆರಳು ತೋರಿಸಿದರು. ಮಾತಾಡಲು ಗಂಟಲಿರಲಿಲ್ಲ.

ವಿಡಿಯೊ ಮಾಡಿದವನು ಆಕೆಗೆ ಚೆನ್ನಾಗಿ ನೆನಪಿದ್ದಾನೆ. ಗೇಟು ಹಾಕಿದ ಮೇಲೆ ಬಂದು, ಊಟಿಗೆ ಹೋಗಲಾಗದೆ ವಾಪಸು ತಿರುಗಿ, ಹಸಿವು ಎಂದು ಷಟರು ಬಡಿದಿದ್ದ. ಆರಿಸಿದ್ದ ಒಲೆ ಮತ್ತೆ ಹಚ್ಚಿ ಮೂರು ದೋಸೆ ಹುಯ್ದು ಕೊಟ್ಟಿದ್ದಳು. ಕೈ ತೊಳೆಯಲು ಹಿತ್ತಲಿಗೆ ಹೋದವನು ಮೊಬೈಲು ಎತ್ತಿ ಹಿಡಿದುಕೊಂಡು ಹಾಗೇ ಕಾರು ಹತ್ತಿದ. ದೋಸೆಯ ದುಡ್ಡು ಇನ್ನೂ ಕೊಟ್ಟಿಲ್ಲ.